ಹಣಕಾಸು ಸಮಿತಿಯ ಮೇಜು: ಆಫ್ರಿಕದ ಸಭೆಗಳು, ಹೊರನಾಡಿನ ಕಾಣಿಕೆ ಮತ್ತು ಸ್ವಾಧಿಕಾರ

1890ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ನೈಜರ್ ನದಿಯ ದಡದಲ್ಲಿರುವ ಒನಿತ್ಷಾ ಪಟ್ಟಣದಲ್ಲಿ ಚರ್ಚ್ ಮಿಷನರಿ ಸೊಸೈಟಿಯ ಹಣಕಾಸು ಸಮಿತಿಯು ಕೂಡಿತು. ಅಧ್ಯಕ್ಷಪೀಠದಲ್ಲಿದ್ದವರು ಎಂಬತ್ತರ ಆಸುಪಾಸಿನ ವಯೋವೃದ್ಧರಾದ ಬಿಷಪ್ ಸ್ಯಾಮ್ಯುಯೆಲ್ ಅಜಾಯಿ ಕ್ರೌದರ್. ಅವರ ಎದುರಿಗೆ ಕುಳಿತಿದ್ದವರು ಇಂಗ್ಲೆಂಡಿನಿಂದ ಹೊಸದಾಗಿ ಬಂದ, ಅವರ ಮೊಮ್ಮಕ್ಕಳ ವಯಸ್ಸಿನ ಮಿಷನರಿಗಳು. ಸಮಿತಿಯ ಕಾರ್ಯದರ್ಶಿಯಾಗಿದ್ದ ತರುಣ ಪಾದ್ರಿ ಈಡನ್ ಬಿಷಪರ ಕಣ್ಣೆದುರಿಗೇ ಆಫ್ರಿಕದ ಸಭಾಪಾಲಕರ ಮೇಲೆ ಒಂದೊಂದಾಗಿ ದೋಷಾರೋಪಣೆ ಹೊರಿಸಿ ಅವರನ್ನು ಕೆಲಸದಿಂದ ದೂರವಿಡುವ ಕ್ರಮ ಕೈಗೊಂಡನು. ಹಾಗೆ ದೂರವಿಡಲ್ಪಟ್ಟವರಲ್ಲಿ ಬಿಷಪರ ಮಗನೂ ಆರ್ಚ್‌ಡೀಕನನೂ ಆದ ಡ್ಯಾಂಡಿಸನ್ ಕ್ರೌದರ್ ಸಹ ಇದ್ದರು. ವೃದ್ಧ ಬಿಷಪರು ಸಮಿತಿಯ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟು ಎದ್ದು ಹೋದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ದೀಕ್ಷೆ ಪಡೆದ ಸೇವಕರ ಶಿಸ್ತಿನ ವಿಚಾರಣೆ ಬಿಷಪರ ಹಕ್ಕು. ಅದು ಸಿನೊಡಿನ ಅಥವಾ ಧರ್ಮನ್ಯಾಯಾಲಯದ ಮುಂದೆ ನಡೆಯಬೇಕಾದ ಕಾರ್ಯ. ಅದು ನಡೆದದ್ದು ಹಣಕಾಸು ಸಮಿತಿಯಲ್ಲಿ. ಸಂಬಳ ಎಲ್ಲಿಂದ ಬರುತ್ತಿತ್ತೋ ಅಲ್ಲಿಯೇ ತೀರ್ಪೂ ಬಂತು. ಆಫ್ರಿಕದ ಜನರು ತಾವೇ ನಡೆಸುವ ಸಭೆಗಳಿಗೂ ಸಮುದಾಯ ಸಂಸ್ಥೆಗಳಿಗೂ ಹೊರನಾಡಿನ ಕಾಣಿಕೆ ಯಾವ ಷರತ್ತಿನ ಮೇಲೆ ಹರಿದುಬರಬೇಕು ಎಂಬ ಇಂದಿನ ಚರ್ಚೆಯು ಬಹುಮಟ್ಟಿಗೆ ಆ ಮೇಜಿನ ಸುತ್ತಲೇ ಇನ್ನೂ ಸುತ್ತುತ್ತಿದೆ.

ಕ್ರೌದರರ ಜೀವನವನ್ನು ನಮ್ಮ ಸೆಮಿನರಿಗಳಲ್ಲಿ ಸಾಮಾನ್ಯವಾಗಿ ಭಕ್ತಚರಿತ್ರೆಯಂತೆ ಹೇಳುವುದುಂಟು. ಯೊರುಬಾ ನಾಡಿನ ಬಾಲಕನನ್ನು 1821ರಲ್ಲಿ ಗುಲಾಮರ ವ್ಯಾಪಾರಿಗಳು ಸೆರೆಹಿಡಿದದ್ದು, ಮರುವರ್ಷ ಬ್ರಿಟಿಷ್ ನೌಕಾಪಡೆ ಅವನನ್ನು ಬಿಡಿಸಿ ಸಿಯೆರಾ ಲಿಯೋನಿನಲ್ಲಿ ಇಳಿಸಿದ್ದು, 1864ರಲ್ಲಿ ಕ್ಯಾಂಟರ್‌ಬರಿ ಮಹಾದೇವಾಲಯದಲ್ಲಿ ಬಿಷಪರಾಗಿ ಅಭಿಷಿಕ್ತರಾದದ್ದು ಎಲ್ಲವೂ ನಿಜವೇ. ಆದರೆ ಅವರ ನೇಮಕದ ಹಿಂದೆ ಒಂದು ಸಿದ್ಧಾಂತವಿತ್ತು. 1841ರಿಂದ ಮೂರು ದಶಕಗಳ ಕಾಲ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಹೆನ್ರಿ ವೆನ್ನರು ಸ್ಥಳೀಯ ಸಭೆಯು ತನ್ನ ವೆಚ್ಚವನ್ನು ತಾನೇ ಭರಿಸಬೇಕು, ತನ್ನನ್ನು ತಾನೇ ಆಳಿಕೊಳ್ಳಬೇಕು, ತಾನೇ ಸುವಾರ್ತೆಯನ್ನು ಹಬ್ಬಿಸಬೇಕು ಎಂದು ಬೋಧಿಸಿದರು. ಆ ಗುರಿ ಕೈಗೂಡಿದಾಗ ಮಿಷನ್ ಎಂಬುದು ಸುಖಮರಣ ಹೊಂದಬೇಕೆಂಬುದು ಅವರ ಮಾತು. ಕಟ್ಟಡ ಮುಗಿದ ಮೇಲೆ ಸಾರುವೆಯನ್ನು ಬಿಚ್ಚಿಹಾಕುವ ಹಾಗೆ. ಅದೇ ಕಾಲದಲ್ಲಿ ಅಮೆರಿಕದ ರೂಫಸ್ ಆ್ಯಂಡರ್ಸನ್ನರೂ ಇಂಥದೇ ತತ್ವವನ್ನು ಮುಂದಿಟ್ಟಿದ್ದರು.

ವೆನ್ನರ ಯೋಜನೆಯಲ್ಲಿ ಮೂರು ಅಂಗಗಳೂ ಕೂಡಿ ಬೆಳೆಯಬೇಕಿತ್ತು. ನೈಜರಿನಲ್ಲಿ ಹಾಗಾಗಲಿಲ್ಲ. ಅಧಿಕಾರವನ್ನು ಆಫ್ರಿಕದ ಬಿಷಪರಿಗೆ ಕೊಟ್ಟರು. ಹಣದ ಚೀಲ ಲಂಡನ್ನಿನಲ್ಲಿಯೇ ಉಳಿಯಿತು. ಸಾವಿರಾರು ಮೈಲಿಗಳ ವ್ಯಾಪ್ತಿಯ ಡಯಾಸಿಸಿನಲ್ಲಿ ಸಂಚರಿಸಲು ಬಿಷಪರು ಬಹುಕಾಲ ವ್ಯಾಪಾರಿಗಳ ಹಡಗುಗಳ ದಾರಿ ಕಾಯಬೇಕಾಯಿತು. 1878ರಲ್ಲಿ ಮಿಷನ್ನಿಗೆ ಸ್ವಂತ ಉಗಿಹಡಗು ಬಂದಾಗ ಅದರ ಉಸ್ತುವಾರಿಯೂ ಲೌಕಿಕ ವ್ಯವಹಾರಗಳೂ ಯೂರೋಪಿನ ಒಬ್ಬ ಅಯಾಜಕ ಅಧಿಕಾರಿಯ ಕೈಸೇರಿದವು. ಆ ಹಡಗಿಗೆ ಇಟ್ಟ ಹೆಸರು ‘ಹೆನ್ರಿ ವೆನ್’. ಚರಿತ್ರೆಗೆ ವಿಡಂಬನೆಯನ್ನು ಯಾರೂ ಕಲಿಸಬೇಕಾಗಿಲ್ಲ.

ಕ್ರೌದರರ ಸೇವಕರಲ್ಲಿ ದೋಷಗಳೇ ಇರಲಿಲ್ಲವೆಂದು ಹೇಳುವುದು ಪ್ರಾಮಾಣಿಕತೆಯಲ್ಲ. ಕೆಲವರ ನಡತೆಯ ಬಗ್ಗೆ ಗಂಭೀರ ದೂರುಗಳಿದ್ದವು. ಅಷ್ಟು ವಿಸ್ತಾರವಾದ ಪ್ರದೇಶದ ಮೇಲ್ವಿಚಾರಣೆ ಸಡಿಲವಾಗಿದ್ದುದೂ ಸತ್ಯ. ಆದರೆ ನೈಜೀರಿಯದ ಇತಿಹಾಸಕಾರರಾದ ಅಜಾಯಿ ಮತ್ತು ಅಯಾಂಡೆಲೆಯವರು 1960ರ ದಶಕದಲ್ಲಿ ಈ ಪ್ರಕರಣವನ್ನು ಮರುಪರಿಶೀಲಿಸಿದ ಮೇಲೆ ಇದನ್ನು ಶುದ್ಧೀಕರಣವೆಂದಷ್ಟೇ ಕರೆಯುವುದು ಕಷ್ಟವಾಗಿದೆ. ವಸಾಹತುಶಾಹಿಯ ಭರಾಟೆಯೇರುತ್ತಿದ್ದ ಆ ದಶಕದಲ್ಲಿ ಆಫ್ರಿಕದವನ ಕೈಕೆಳಗೆ ಬಿಳಿಯನು ಕೆಲಸ ಮಾಡುವುದೆಂಬ ಕಲ್ಪನೆಯೇ ಅಸಹನೀಯವಾಗುತ್ತ ಬಂದಿತ್ತು. 1891ರ ಡಿಸೆಂಬರ್ 31ರಂದು ಕ್ರೌದರರು ನಿಧನ ಹೊಂದಿದರು. ಅವರ ಸ್ಥಾನಕ್ಕೆ ಇಂಗ್ಲೆಂಡಿನವರೊಬ್ಬರನ್ನು ನೇಮಿಸಲಾಯಿತು. ಅಲ್ಲಿ ಆಫ್ರಿಕದವರೊಬ್ಬರು ಮತ್ತೆ ಪೂರ್ಣಾಧಿಕಾರದ ಬಿಷಪರಾಗಲು ಅರ್ಧ ಶತಮಾನಕ್ಕೂ ಮಿಗಿಲಾದ ಕಾಲ ಹಿಡಿಯಿತು.

ಈ ಪ್ರಕರಣದ ಉತ್ತರಾರ್ಧವನ್ನು ಪಠ್ಯಗಳು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ. 1892ರಲ್ಲಿ ಡ್ಯಾಂಡಿಸನ್ ಕ್ರೌದರರ ನಾಯಕತ್ವದಲ್ಲಿ ಬಾನಿ ಮೊದಲಾದ ಮುಖಜಭೂಮಿಯ ಸಭೆಗಳು ‘ನೈಜರ್ ಡೆಲ್ಟಾ ಪಾಸ್ಟರೇಟ್’ ಎಂಬ ಹೆಸರಿನಲ್ಲಿ ಸೊಸೈಟಿಯ ಆಡಳಿತದಿಂದ ಹೊರಬಂದು ತಮ್ಮ ಸೇವಕರನ್ನು ತಾವೇ ಪೋಷಿಸತೊಡಗಿದವು. ಅವರು ಆಂಗ್ಲಿಕನ್ ಐಕ್ಯವನ್ನು ತೊರೆಯಲಿಲ್ಲ. ಹೊಸ ಬೋಧನೆಯನ್ನೂ ಹೊರಡಿಸಲಿಲ್ಲ. ಹಣಕಾಸು ಸಮಿತಿಯ ಮೇಜನ್ನು ಮಾತ್ರ ತಮ್ಮ ಮನೆಗೆ ತಂದುಕೊಂಡರು. ಸ್ಥಳೀಯ ಸಭೆಗೆ ಸ್ವಂತ ಶಕ್ತಿ ಸಾಲದೆಂದು ಲಂಡನ್ನಿನಲ್ಲಿ ನಂಬಿದ್ದವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿರಲಿಲ್ಲ.

ಕನ್ನಡ ನಾಡಿನ ಸಭೆಗೆ ಆಫ್ರಿಕದ ಇನ್ನೊಂದು ಕರಾವಳಿಯೊಡನೆ ರಕ್ತಸಂಬಂಧದಂಥ ನಂಟಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅದಕ್ಕೆ ಆರು ವರ್ಷ ಮೊದಲೇ, 1828ರಲ್ಲಿ, ಇಂದಿನ ಘಾನಾ ದೇಶವಾದ ಗೋಲ್ಡ್ ಕೋಸ್ಟಿನಲ್ಲಿ ಕಾಲಿಟ್ಟಿತ್ತು. ಎರಡೂ ಕಡೆ ಶಾಲೆ, ಅಚ್ಚುಕೂಟ, ವ್ಯಾಪಾರ, ಕೈಗಾರಿಕೆ. ಮೊದಲ ಮಹಾಯುದ್ಧದಲ್ಲಿ ಎರಡೂ ಕಡೆ ಒಂದೇ ಪೆಟ್ಟು ಬಿತ್ತು: ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾಗಿ ಹೊರಹಾಕಲ್ಪಟ್ಟರು, ಹಂಚಿನ, ನೇಯ್ಗೆಯ ಕಾರ್ಖಾನೆಗಳೂ ಅಲ್ಲಿಯ ವ್ಯಾಪಾರ ಮಳಿಗೆಗಳೂ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಪಾಲಾದವು. ಸ್ಕಾಟ್ಲೆಂಡಿನ ಮಿಷನ್ನಿನವರು ನೆರವಿಗೆ ಬಂದರಾದರೂ ಅವರ ಸಂಖ್ಯೆ ಬಹಳ ಸಣ್ಣದು. 1918ರಲ್ಲಿ ಅಕ್ರೊಪಾಂಗಿನಲ್ಲಿ ಗೋಲ್ಡ್ ಕೋಸ್ಟ್ ಸಭೆಯ ಮೊದಲ ಸಿನೊಡ್ ಕೂಡಿದಾಗ ಮಾಡರೇಟರಾಗಿ ಆಯ್ಕೆಯಾದವರು ಪೀಟರ್ ಹಾಲ್. ಸಿನೊಡಿನ ಗುಮಾಸ್ತರಾದವರು ನಿಕೊಲಾಸ್ ಕ್ಲರ್ಕ್. ಹಾಲ್ ಅವರ ತಂದೆ 1843ರಲ್ಲಿ ವೆಸ್ಟ್ ಇಂಡೀಸಿನಿಂದ ಬಾಸೆಲ್ ಮಿಷನ್ ಕರೆತಂದ ಕರಿಯ ಕ್ರೈಸ್ತರಲ್ಲೊಬ್ಬರು. 1920ರ ದಶಕದಲ್ಲಿ ಬಾಸೆಲ್‌ನವರು ಮರಳಿ ಬಂದಾಗ ಅವರು ಬಂದದ್ದು ತನ್ನ ಸಿನೊಡನ್ನು ಆಗಲೇ ನಡೆಸುತ್ತಿದ್ದ ಸಭೆಯೊಳಕ್ಕೆ. ವೆನ್ನರ ಸಿದ್ಧಾಂತ ಮಾಡಲಾಗದ್ದನ್ನು ಒಂದು ಯುದ್ಧ ಮಾಡಿತೆಂದು ಹೇಳಲು ಮನಸ್ಸು ಒಪ್ಪುವುದಿಲ್ಲ. ಆದರೂ ಹಣವೂ ಜನರೂ ಹಠಾತ್ತನೆ ನಿಂತಾಗ ಸಭೆ ಸತ್ತುಹೋಗುವುದಿಲ್ಲವೆಂಬುದಕ್ಕೆ ಘಾನಾ ಒಂದು ಸಾಕ್ಷಿ.

ಅದೇ ನಿಲುಗಡೆಯನ್ನು ಬೇಕೆಂದೇ ತರಬಹುದೇ? 1971ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ನಡೆದ ರಿಫಾರ್ಮ್ಡ್ ಸಭೆಯ ಮಿಷನ್ ಉತ್ಸವದಲ್ಲಿ ಕೀನ್ಯಾದ ಜಾನ್ ಗಾಟು ಈ ಪ್ರಶ್ನೆಯನ್ನೆತ್ತಿದರು. ಅವರು ಪೂರ್ವ ಆಫ್ರಿಕದ ಪ್ರೆಸ್ಬಿಟೇರಿಯನ್ ಸಭೆಯ ಪ್ರಧಾನ ಕಾರ್ಯದರ್ಶಿ. ಕನಿಷ್ಠ ಐದು ವರ್ಷಗಳ ಕಾಲ ಮಿಷನರಿಗಳನ್ನೂ ಹಣವನ್ನೂ ಕಳಿಸಬೇಡಿರಿ, ನಮಗೆ ನಮ್ಮ ಕಾಲಿನ ಮೇಲೆ ನಿಲ್ಲಲು ಬಿಡಿರಿ ಎಂಬುದು ಅವರ ಮಾತಿನ ಸಾರ. ಅದೇ ವರ್ಷ ಫಿಲಿಪ್ಪೀನ್ಸಿನ ಎಮೆರಿಟೊ ನಕ್ಪಿಲ್ ಏಷ್ಯದ ಕಡೆಯಿಂದ ಇಂಥದೇ ಮಾತಾಡಿದ್ದರು. 1974ರ ಮೇ ತಿಂಗಳಲ್ಲಿ ಲುಸಾಕಾದಲ್ಲಿ ಕೂಡಿದ ಅಖಿಲ ಆಫ್ರಿಕ ಸಭೆಗಳ ಒಕ್ಕೂಟದ ಮಹಾಧಿವೇಶನವು, ಲೈಬೀರಿಯದ ಬರ್ಜೆಸ್ ಕಾರ್ ಪ್ರಧಾನ ಕಾರ್ಯದರ್ಶಿಯಾಗಿದ್ದಾಗ, ಈ ‘ಮೊರಟೋರಿಯಮ್’ ಕರೆಯನ್ನು ಅಂಗೀಕರಿಸಿತು. ಈ ನಿಲುಗಡೆಯಿಂದ ಉತ್ತರದ ಮಿಷನ್ ಸಂಸ್ಥೆಗಳು ಕುಸಿದುಬಿದ್ದರೆ ಅದೂ ಒಂದು ಉಪಕಾರವೇ, ಸೇವೆಯ ಬಗೆಗಿನ ವಿಕೃತ ಕಲ್ಪನೆಯಿಂದ ಅಲ್ಲಿಯ ದೇವಜನರಿಗೆ ಬಿಡುಗಡೆಯಾದಂತಾಗುವುದು ಎಂಬ ಅರ್ಥದ ಮಾತು ಆ ಅಧಿವೇಶನದ ಹೇಳಿಕೆಯಲ್ಲಿದೆ. ಆಫ್ರಿಕದ ಸಭೆ ತನ್ನನ್ನು ಉತ್ತರದ ಸಭೆಗಳ ಶುಶ್ರೂಷಕಿಯೆಂದು ಕಂಡುಕೊಂಡ ಈ ವಾಕ್ಯವನ್ನು ಟೀಕಾಕಾರರು ಅಹಂಕಾರವೆಂದರು. ನನಗೆ ಅದು ಆ ದಶಕದ ಅತಿ ದಿಟ್ಟ ಸಭಾಶಾಸ್ತ್ರೀಯ ವಾಕ್ಯವೆಂದು ತೋರುತ್ತದೆ.

ವಿರೋಧ ಆಫ್ರಿಕದೊಳಗಿನಿಂದಲೂ ಬಂತು. ಇವಾಂಜೆಲಿಕಲ್ ಒಕ್ಕೂಟದ ನಾಯಕರಾಗಿದ್ದ ನೈಜೀರಿಯದ ಬ್ಯಾಂಗ್ ಕಾಟೊ ಇದನ್ನು ಒಪ್ಪಲಿಲ್ಲ. ಕ್ರಿಸ್ತನ ದೇಹದ ಒಂದು ಅಂಗ ಇನ್ನೊಂದಕ್ಕೆ ‘ನೀನು ನನಗೆ ಬೇಡ’ ಎನ್ನಬಹುದೇ ಎಂಬ ಆಕ್ಷೇಪ ಎಲ್ಲೆಡೆ ಕೇಳಿಬಂತು. ಇದು ಹಗುರವಾದ ಆಕ್ಷೇಪವಲ್ಲ. ಆದರೆ ಗಾಟು ಬೇಡವೆಂದದ್ದು ಅಂಗವನ್ನಲ್ಲ, ಒಂದೇ ಅಂಗ ಯಾವಾಗಲೂ ಕೈಯಾಗಿ, ಇನ್ನೊಂದು ಯಾವಾಗಲೂ ಬಾಯಾಗಿ ಇರಬೇಕೆಂಬ ವ್ಯವಸ್ಥೆಯನ್ನು. ಅದೇ ವರ್ಷದ ಜುಲೈಯಲ್ಲಿ ಲೊಸಾನ್ ನಗರದಲ್ಲಿ ಇವಾಂಜೆಲಿಕಲರು ಹೊರಡಿಸಿದ ಒಡಂಬಡಿಕೆಯೂ, ಕೆಲವು ಕಡೆ ಹೊರಗಿನ ಜನರನ್ನೂ ಹಣವನ್ನೂ ಕಡಿಮೆ ಮಾಡುವುದು ಅಗತ್ಯವಾಗಬಹುದೆಂದು ಒಪ್ಪಿಕೊಂಡಿತು. ಗಾಟು ಅಲ್ಲಿಯೂ ಇದ್ದರು.

ನಿಲುಗಡೆ ಪೂರ್ತಿಯಾಗಿ ಜಾರಿಗೆ ಬರಲಿಲ್ಲ. ಗಾಟುರವರ ಸಭೆಯು ‘ಜಿತೆಗೆಮೆಯಾ’, ಅಂದರೆ ನಿನ್ನನ್ನು ನೀನೇ ಆತುಕೋ ಎಂಬ ಸ್ವಾಹಿಲಿ ನುಡಿಯನ್ನು ಧ್ಯೇಯವಾಕ್ಯವಾಗಿಸಿಕೊಂಡು ತನ್ನ ಜನರಿಂದಲೇ ವಂತಿಗೆ ಎತ್ತುವ ಹಾದಿ ಹಿಡಿಯಿತು. ಆದರೆ ಲುಸಾಕಾದಲ್ಲಿ ಕರೆಕೊಟ್ಟ ಒಕ್ಕೂಟದ ಆಯವ್ಯಯದ ಬಹುಪಾಲು ಮುಂದೆಯೂ ಹೊರಗಿನಿಂದಲೇ ಬರುತ್ತಿತ್ತು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದ ಬದಲಾವಣೆ ಬೇರೊಂದು. ಮಿಷನ್ನಿನ ಬಾಗಿಲಿನಿಂದ ಬರುತ್ತಿದ್ದ ಹಣ ಕ್ರಮೇಣ ‘ಅಭಿವೃದ್ಧಿ’ಯ ಬಾಗಿಲಿನಿಂದ ಬರತೊಡಗಿತು. ಮಿಷನರಿಯ ಜಾಗದಲ್ಲಿ ಯೋಜನಾಧಿಕಾರಿ, ಮಿಷನ್ ವರದಿಯ ಜಾಗದಲ್ಲಿ ಮೂರು ವರ್ಷದ ಯೋಜನಾಪತ್ರ. ಮಿಷನರಿಯಾದರೂ ಆ ಊರಿನಲ್ಲಿ ಬದುಕಿ ಅಲ್ಲಿಯೇ ಸಮಾಧಿಯಾಗುತ್ತಿದ್ದನು. ಯೋಜನಾಪತ್ರವು ಅವಧಿ ಮುಗಿದೊಡನೆ ಹೊರಡುತ್ತದೆ. ಸಿನೊಡ್ ಚರ್ಚಿಸಬೇಕಾದ ಆದ್ಯತೆಗಳು ದೂರದ ಕಚೇರಿಯೊಂದರ ನಮೂನೆಯಲ್ಲಿ ಮೊದಲೇ ಅಚ್ಚಾಗಿರುತ್ತವೆ.

ಹಣ ಪಡೆದೂ ಮೇಜನ್ನು ಮನೆಯಲ್ಲಿಯೇ ಇಟ್ಟುಕೊಳ್ಳಲು ಸಾಧ್ಯವೆಂದು ತೋರಿಸಿದ ಪ್ರಯೋಗವೊಂದು ಸಭೆಯ ಹೊರಗೆ, ಇಂದಿನ ಬುರ್ಕಿನಾ ಫಾಸೊ ದೇಶದಲ್ಲಿ ನಡೆಯಿತು. 1967ರಲ್ಲಿ ಬರ್ನಾರ್ ಲೆದೆಯಾ ಊಎದ್ರಾವೊಗೊ ಎಂಬ ಶಿಕ್ಷಕರು ಯಾತೆಂಗಾ ಪ್ರಾಂತದಲ್ಲಿ, ಮೊಸ್ಸಿ ಜನರ ಯುವಕರ ಸಾಂಪ್ರದಾಯಿಕ ಕೂಟಗಳ ಬುನಾದಿಯ ಮೇಲೆ ‘ನಾಮ್’ ಗುಂಪುಗಳನ್ನು ಕಟ್ಟಿದರು. ಕೆಡಿಸದೆ ಬೆಳೆಸಬೇಕೆಂಬುದು ಅವರ ತತ್ವ. ಮಳೆಗಾಲ ಮುಗಿದೊಡನೆ ಯುವಕರು ಕೂಲಿಗಾಗಿ ಕರಾವಳಿಗೆ ವಲಸೆ ಹೋಗುವ ಆ ನಾಡಿನಲ್ಲಿ ಒಣಋತುವನ್ನೇ ಕೆಲಸದ ಋತುವಾಗಿಸಲು 1970ರ ದಶಕದಲ್ಲಿ ಫ್ರಾನ್ಸಿನ ಬರ್ನಾರ್ ಲೆಕೋಂತ್ ಜೊತೆಗೂಡಿ ಅವರು ‘ಸಿಸ್-ಎಸ್’ ಎಂಬ ಒಕ್ಕೂಟವನ್ನು ಸ್ಥಾಪಿಸಿದರು. ಅದರ ವಿಶೇಷ ಹಣದ ಬಗೆಯಲ್ಲಿತ್ತು. ಯಾವ ಹಳ್ಳಿಯಲ್ಲಿ ಏನು ಮಾಡಬೇಕೆಂದು ದಾನಿಗೆ ಮೊದಲೇ ಬರೆದುಕೊಡುವ ಬದಲು, ಒಕ್ಕೂಟವು ಷರತ್ತು ಸಡಿಲವಾದ ನಿಧಿಯನ್ನು ಪಡೆದು ಪ್ರದೇಶಗಳ ಸಂಘಗಳಿಗೆ ಹಂಚುತ್ತಿತ್ತು. ಬಾವಿಯೋ, ಧಾನ್ಯದ ಬ್ಯಾಂಕೋ, ಮಣ್ಣು ಕೊಚ್ಚಿಹೋಗದಂತೆ ಕಲ್ಲಿನ ಬದುವೋ ಎಂಬುದನ್ನು ಗುಂಪುಗಳೇ ನಿರ್ಧರಿಸುತ್ತಿದ್ದವು. ಲೆಕ್ಕವನ್ನು ಮೊದಲು ಒಪ್ಪಿಸಬೇಕಾದದ್ದು ಒಬ್ಬರಿಗೊಬ್ಬರು. ಊಎದ್ರಾವೊಗೊ 1990ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿಗೆ ಪಾತ್ರರಾದರು. ಇಂಥ ನಿಧಿ ಇಂದಿಗೂ ಅಪವಾದವೇ ಹೊರತು ರೂಢಿಯಲ್ಲ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ದೊಡ್ಡ ದಾನಿಗಳೂ ನೆರವು ಸಂಸ್ಥೆಗಳೂ 2020ರೊಳಗೆ ಮಾನವೀಯ ನೆರವಿನ ಶೇಕಡಾ 25ರಷ್ಟನ್ನು ಸಾಧ್ಯವಾದಷ್ಟು ನೇರವಾಗಿ ಸ್ಥಳೀಯ ಸಂಸ್ಥೆಗಳಿಗೆ ತಲುಪಿಸುವೆವೆಂದು ಮಾತುಕೊಟ್ಟವು. ಗಡುವು ಬಂತು, ಗುರಿ ಬಹುದೂರ ಉಳಿಯಿತು.

1987ರಲ್ಲಿ ಲೋಕಸಭೆಗಳ ಒಕ್ಕೂಟವು ಸ್ಪೇನಿನ ಎಲ್ ಎಸ್ಕೋರಿಯಾಲಿನಲ್ಲಿ ಸಂಪನ್ಮೂಲಗಳ ಹಂಚಿಕೆಯ ಬಗ್ಗೆ ಸಮಾಲೋಚಿಸಿದಾಗ ಈ ಎಲ್ಲ ಅನುಭವ ಅದರ ಮುಂದಿತ್ತು. ಆದರೆ ಸೆಮಿನರಿಯ ಓದುಗನಿಗೆ ಇನ್ನೂ ಹಳೆಯದಾದ ಪ್ರಕರಣವೊಂದಿದೆ: ಯೆರೂಸಲೇಮಿನ ಬಡವರಿಗಾಗಿ ಪೌಲನು ಕೂಡಿಸಿದ ಕಾಣಿಕೆ. ಅಲ್ಲಿ ಮಗಳು ಸಭೆಗಳು ತಾಯಿಸಭೆಗೆ ಕೊಡುತ್ತವೆ. ಅದರಲ್ಲಿಯೂ ಕಡುಬಡತನದ ಮಕೆದೋನ್ಯದವರು ಮುಂದೆ ಬರುತ್ತಾರೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಪೌಲನು ಕಾಣಿಕೆಯ ಗುರಿಯನ್ನು ಸಮಾನತೆಯೆಂದು ಹೆಸರಿಸುತ್ತಾನೆ, ಮತ್ತು ಹಣವನ್ನು ಒಯ್ಯಲು ಸಭೆಗಳೇ ಆರಿಸಿದ ಸಹಪ್ರಯಾಣಿಕನನ್ನು ಜೊತೆಗಿಟ್ಟುಕೊಳ್ಳುತ್ತಾನೆ. ಕೊರಿಂಥದಲ್ಲಿ ತನಗಾಗಿ ಏನನ್ನೂ ತೆಗೆದುಕೊಳ್ಳದ ಅವನು ಫಿಲಿಪ್ಪಿಯವರಿಂದ ತೆಗೆದುಕೊಂಡನೆಂಬುದನ್ನೂ ಇದರೊಡನೆ ಓದಬೇಕು. ಒಂದೇ ಹಣ ಒಂದು ಕಡೆ ಅನ್ಯೋನ್ಯತೆ, ಇನ್ನೊಂದು ಕಡೆ ಒಡೆತನ ಆಗಬಲ್ಲದೆಂದು ಅವನಿಗೆ ಗೊತ್ತಿತ್ತು.

ಈ ಕಾಣಿಕೆ ಸ್ವೀಕೃತವಾಗುವುದೋ ಇಲ್ಲವೋ ಎಂಬ ಅಳುಕು ರೋಮಾಪುರದವರಿಗೆ ಬರೆದ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ. ಅದಕ್ಕಾಗಿ ಅವನು ಪ್ರಾರ್ಥನೆ ಬೇಡುತ್ತಾನೆ. ಅಪೊಸ್ತಲರ ಕೃತ್ಯಗಳ 21ನೆಯ ಅಧ್ಯಾಯದಲ್ಲಿ ಪೌಲನು ಯೆರೂಸಲೇಮನ್ನು ತಲುಪುತ್ತಾನೆ, ಯಾಕೋಬನೂ ಹಿರಿಯರೂ ಅವನನ್ನು ಬರಮಾಡಿಕೊಳ್ಳುತ್ತಾರೆ. ಕಾಣಿಕೆಯನ್ನು ಒಪ್ಪಿಸಿದ ಸಂಗತಿಯನ್ನು ಲೂಕನು ಅಲ್ಲಿ ಬರೆಯುವುದಿಲ್ಲ. ಬರೆಯುವುದು ಇಷ್ಟು: ಹರಕೆ ಹೊತ್ತ ನಾಲ್ವರು ನಮ್ಮಲ್ಲಿದ್ದಾರೆ, ಅವರ ಕ್ಷೌರದ ವೆಚ್ಚವನ್ನು ನೀನು ಕೊಡು ಎಂದು ಹಿರಿಯರು ಅವನಿಗೆ ಹೇಳುತ್ತಾರೆ. ಯಾವ ಚೀಲದಿಂದ ಕೊಟ್ಟನೋ ಲೂಕನು ಹೇಳಲಿಲ್ಲ. ಧರ್ಮಶಾಸ್ತ್ರದ ಬಗ್ಗೆ ಅಷ್ಟೆಲ್ಲ ವಾದಿಸಿದ್ದ ಪೌಲನು ಮರುದಿನ ಆ ನಾಲ್ವರೊಡನೆ ದೇವಾಲಯಕ್ಕೆ ಹೋದನು.