ಉಳುಮೆ ಉಪಕರಣಗಳ ಸವೆತ ತಡೆಯಲು ಉಕ್ಕಿನ ಮೇಲ್ಮೈ ಗಡಸುಗೊಳಿಸುವ ವಿಧಾನಗಳು

ಹೊಸಬಾಳೆ ಸೇರಿದಂತೆ ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳ ಮೇಲ್ಭಾಗದ ಜಮೀನುಗಳಲ್ಲಿ ಜಂಬಿಟ್ಟಿಗೆ ಮೂಲದ ಗರಸು ಮಣ್ಣು ಕಂಡುಬರುತ್ತದೆ. ಮೆಕ್ಕೆಜೋಳ ಅಥವಾ ಶುಂಠಿಗಾಗಿ ಇಂತಹ ಭೂಮಿಯನ್ನು ಒಣ ಹದದಲ್ಲಿ ಉಳುವಾಗ ರೋಟವೇಟರ್ ಬ್ಲೇಡು ಮತ್ತು ಕಲ್ಟಿವೇಟರ್ ಕುಳಗಳು ಬೇಗನೆ ಸವೆಯುತ್ತವೆ. ಸವೆದ ಬ್ಲೇಡು ಮಣ್ಣನ್ನು ಕತ್ತರಿಸುವ ಬದಲು ಬಡಿಯುತ್ತದೆ. ಆಗ ಡೀಸೆಲ್ ಖರ್ಚು ಏರುತ್ತದೆ, ಉಳುಮೆಯ ಆಳ ತಗ್ಗುತ್ತದೆ. ಬಿತ್ತನೆಯ ಹದ ಕೈತಪ್ಪಿದರೆ ಆಗುವ ನಷ್ಟ ಬ್ಲೇಡಿನ ಬೆಲೆಗಿಂತಲೂ ದೊಡ್ಡದು.

ಸವೆತಕ್ಕೆ ಮುಖ್ಯ ಕಾರಣ ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣಗಳು. ವಿಕರ್ಸ್ ಮಾಪಕದಲ್ಲಿ ಬೆಣಚುಕಲ್ಲಿನ ಗಡಸುತನ ಸುಮಾರು 1000. ಸಾಧಾರಣ ಮೆದು ಉಕ್ಕಿನದು 120ರಿಂದ 150. ಚೆನ್ನಾಗಿ ಹದಗೊಳಿಸಿದ ಉಕ್ಕು ಕೂಡ 600–700ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದುದರಿಂದ ಹದಗೊಳಿಸುವಿಕೆಯಿಂದ ಸವೆತ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಬೆಣಚುಕಲ್ಲನ್ನು ಮೀರಿಸುವುದು 1500ಕ್ಕೂ ಮೇಲ್ಪಟ್ಟ ಗಡಸುತನವುಳ್ಳ ಕ್ರೋಮಿಯಂ ಕಾರ್ಬೈಡಿನಂತಹ ಲೇಪ ಮಾತ್ರ. ಹಾಗೆಂದು ಇಡೀ ಬ್ಲೇಡನ್ನು ಗಡುಸಾಗಿಸಿದರೆ ಕಲ್ಲು ತಾಗಿದಾಗ ಮುರಿದುಹೋಗುತ್ತದೆ. ಹೊರಮೈ ಗಡುಸಾಗಿ, ಒಳಮೈ ಪೆಟ್ಟು ತಾಳುವಂತಿರಬೇಕು.

ಮೊದಲು ಉಕ್ಕಿನ ಜಾತಿ ತಿಳಿಯಿರಿ. ಗ್ರೈಂಡರಿಗೆ ಹಿಡಿದಾಗ ಕಿಡಿಗಳು ಉದ್ದವಾಗಿ, ಕವಲೊಡೆಯದೆ ಹಾರಿದರೆ ಅದು ಇಂಗಾಲ ಕಡಿಮೆಯಿರುವ ಮೆದು ಉಕ್ಕು. ಇದನ್ನು ಎಷ್ಟು ಸಲ ಕಾಸಿ ನೀರಿಗದ್ದಿದರೂ ಗಡುಸಾಗದು. ಕಿಡಿಗಳು ನಕ್ಷತ್ರದಂತೆ ಸಿಡಿದರೆ ಇಂಗಾಲ ಹೆಚ್ಚಿದೆ ಎಂದರ್ಥ. ಲಾರಿಯ ಕಮಾನು ಪಟ್ಟಿ ಈ ಎರಡನೆಯ ಬಗೆಯದು. ಅದರಿಂದ ಮಾಡಿದ ಕುಳವನ್ನು ನಮ್ಮೂರಿನ ಕುಲುಮೆಯಲ್ಲಿಯೇ ಹದಗೊಳಿಸಬಹುದು. ಅಯಸ್ಕಾಂತ ಅಂಟದಷ್ಟು, ಅಂದರೆ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿ, ಇನ್ನೂ ಸ್ವಲ್ಪ ಕಾಸಿ ಎಣ್ಣೆಯಲ್ಲಿ ಅದ್ದಬೇಕು. ಇದಕ್ಕೆ ನೀರು ಬಳಸಿದರೆ ಬಿರುಕು ಬರುವ ಸಂಭವ ಹೆಚ್ಚು. ಅಷ್ಟಕ್ಕೇ ಬಿಟ್ಟರೆ ಕುಳ ಗಾಜಿನಂತೆ ಒಡೆಯುತ್ತದೆ. ಮೇಲ್ಮೈ ಉಜ್ಜಿ ಹೊಳಪು ಬರಿಸಿ, ಬೋಲ್ಟಿನ ಕಡೆಯಿಂದ ಮತ್ತೆ ಮೆಲ್ಲಗೆ ಕಾಸಿ. ಅಲ್ಲಿ ನೀಲಿ ಬಣ್ಣ (ಸುಮಾರು 300 ಡಿಗ್ರಿ), ತುದಿಯಲ್ಲಿ ಕಂದು ಬಣ್ಣ (ಸುಮಾರು 250 ಡಿಗ್ರಿ) ಮೂಡಿದಾಗ ತಣಿಸಬೇಕು. ಅನುಭವಿ ಕಮ್ಮಾರರಿಗೆ ಈ ಬಣ್ಣಗಳ ಪರಿಚಯ ನಮಗಿಂತ ಚೆನ್ನಾಗಿದೆ.

ಮೆದು ಉಕ್ಕಿಗೆ ಇಂಗಾಲೀಕರಣವೇ ದಾರಿ. ಇದ್ದಿಲಿನ ಪುಡಿ ತುಂಬಿದ, ಗಾಳಿಯಾಡದ ಪೆಟ್ಟಿಗೆಯಲ್ಲಿ 900–950 ಡಿಗ್ರಿಯಲ್ಲಿ ಹಲವು ಗಂಟೆ ಇಟ್ಟರೆ ಹೊರಮೈಯ ಒಂದು ಮಿಲಿಮೀಟರಿನಷ್ಟು ಆಳಕ್ಕೆ ಇಂಗಾಲ ಸೇರುತ್ತದೆ, ಬಳಿಕ ಹದಗೊಳಿಸಬೇಕು. ಪಿನ್ನು, ಬುಷ್‌ಗಳಿಗೆ ಇದು ಉತ್ತಮ. ಗರಸಿನಲ್ಲಿ ದುಡಿಯುವ ಕುಳಕ್ಕೆ ಈ ತೆಳು ಪದರ ಸಾಲದು ಎಂಬುದು ನನ್ನ ಅಭಿಪ್ರಾಯ. ಪ್ರಕ್ರಿಯೆಯನ್ನು ಚುರುಕುಗೊಳಿಸಲು ಬೆರೆಸುವ ಬೇರಿಯಂ ಕಾರ್ಬೊನೇಟ್ ವಿಷಕಾರಿಯಾದ್ದರಿಂದ ಮನೆಯಂಗಳದಲ್ಲಿ ಈ ಪ್ರಯೋಗ ಖಂಡಿತ ಬೇಡ.

ಕುಳಗಳ ತುದಿಗೆ ಹೆಚ್ಚು ಉಪಯುಕ್ತವಾದುದು ಗಡಸು ಲೇಪದ ವೆಲ್ಡಿಂಗ್. ಒಣಗಿದ ಕ್ರೋಮಿಯಂ ಕಾರ್ಬೈಡ್ ರಾಡಿನಿಂದ ಕುಳದ ಒಂದೇ ಮುಖಕ್ಕೆ ಒಂದು ಪದರ, ಹೆಚ್ಚೆಂದರೆ ಎರಡು ಪದರ ಹಾಕಿಸಿರಿ. ಲೇಪವಿಲ್ಲದ ಮುಖ ಮೊದಲು ಸವೆಯುವುದರಿಂದ ಅಂಚು ತಾನಾಗಿ ಹರಿತವಾಗಿರುತ್ತದೆ. ಎರಡೂ ಕಡೆ ಹಾಕಿಸಿದರೆ ಈ ಲಾಭ ತಪ್ಪುತ್ತದೆ. ಲೇಪದಲ್ಲಿ ಅಡ್ಡಡ್ಡ ಕಾಣುವ ಕೂದಲೆಳೆಯಂತಹ ಬಿರುಕುಗಳು ಸಹಜ, ಗಾಬರಿ ಬೇಡ. ಆದರೆ ಅವು ಮೂಲ ಉಕ್ಕಿಗೆ ಇಳಿದಿದ್ದರೆ ಆ ಕುಳವನ್ನು ಬಳಸಕೂಡದು. ಕಮಾನು ಪಟ್ಟಿಯ ಕುಳವನ್ನು ಮುಂಚಿತವಾಗಿ 200–250 ಡಿಗ್ರಿಗೆ ಬಿಸಿ ಮಾಡಿ, ವೆಲ್ಡಿಂಗ್ ಆದ ಮೇಲೆ ಒಣ ಬೂದಿಯಲ್ಲಿ ಹುಗಿದು ನಿಧಾನವಾಗಿ ತಣಿಯಲು ಬಿಡಬೇಕು. ಕ್ರೋಮಿಯಂ ಹೊಗೆ ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಕೆಲಸ ಬಯಲಿನಲ್ಲಿ ನಡೆಯಲಿ.

ಕಾರ್ಖಾನೆಯಿಂದ ಬರುವ ರೋಟವೇಟರ್ ಬ್ಲೇಡುಗಳು ಈಗಾಗಲೇ ಹದಗೊಂಡಿರುತ್ತವೆ. ಗ್ಯಾಸ್ ಜ್ವಾಲೆಯಿಂದ ಕಾಸಿ ನೆಟ್ಟಗೆ ಮಾಡಿಸಿದರೆ ಆ ಹದ ಅಲ್ಲಿಯೇ ಅಳಿಯುತ್ತದೆ. ಬಾಗಿದ ಬ್ಲೇಡನ್ನು ಬದಲಿಸುವುದೇ ಲೇಸು. ಲೇಪ ಹಾಕಿಸುವುದಿದ್ದರೆ ಬ್ಲೇಡನ್ನು ಬಿಚ್ಚಿಯೇ ಕೊಂಡೊಯ್ಯಿರಿ. ಯಂತ್ರದಲ್ಲಿರುವಾಗಲೇ ವೆಲ್ಡಿಂಗ್ ಮಾಡಿದರೆ ವಿದ್ಯುತ್ತು ಬೇರಿಂಗಿನ ಮೂಲಕ ಹರಿದು ಅದನ್ನು ಕೆಡಿಸಬಹುದು. ಮರಳಿ ಜೋಡಿಸುವಾಗ ಎದುರುಬದಿರಿನ ಬ್ಲೇಡುಗಳ ತೂಕ ಸಮನಾಗಿರಲಿ. ಇಲ್ಲವಾದರೆ ರೋಟರ್ ನಡುಗಿ ಬೋಲ್ಟುಗಳು ಸಡಿಲಗೊಳ್ಳುತ್ತವೆ. ಮೊದಲ ಒಂದೆರಡು ಗಂಟೆಯ ಉಳುಮೆಯ ನಂತರ ಎಂಜಿನ್ ನಿಲ್ಲಿಸಿ, ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಗೊಳಿಸತಕ್ಕದ್ದು.