ಗಡಿಯಾರ ಯಾರ ಕೈಯಲ್ಲಿ?

1982ರಲ್ಲಿ ಜಪಾನಿನ ಅಂಗಡಿಗಳಿಗೆ ಸೋನಿಯ ಮೊದಲ ಸಿ.ಡಿ. ಪ್ಲೇಯರ್ ಬಂದಾಗ, ರೆಕಾರ್ಡು, ಟೇಪುಗಳ ವೇಗ ಏರುಪೇರಾಗಿ ಸ್ವರ ತೇಲಾಡುವ ಕಾಟ ತಪ್ಪಿತೆಂದು ರಸಿಕರು ನಿಟ್ಟುಸಿರುಬಿಟ್ಟರು. ಬಹುಮಟ್ಟಿಗೆ ಅದು ನಿಜವೇ. ತಟ್ಟೆಯ ವೇಗ ಚೂರು ಹೆಚ್ಚುಕಮ್ಮಿಯಾದರೂ ಓದಿದ ಅಂಕಿಗಳು ಮೊದಲು ಬಫರಿನಲ್ಲಿ ತಂಗುತ್ತವೆ. ಅಲ್ಲಿಂದ ಅವನ್ನು ಸೆಕೆಂಡಿಗೆ 44,100ರಂತೆ ಹೊರಬಿಡುವುದು ಕ್ರಿಸ್ಟಲ್ ಗಡಿಯಾರ. ಆ ಗಡಿಯಾರದ ಬಡಿತವೇ ಕೂದಲೆಳೆಯಷ್ಟು ಹಿಂದುಮುಂದಾದರೆ, ಸರಿಯಾದ ಅಂಕಿ ತಪ್ಪು ಕ್ಷಣದಲ್ಲಿ ದನಿಯಾಗುತ್ತದೆ. ಮೂಲ ಸ್ವರದ ಅಕ್ಕಪಕ್ಕದಲ್ಲಿ ರೆಕಾರ್ಡಿಂಗಿನಲ್ಲಿ ಇಲ್ಲದ ಸ್ವರಗಳು ಹುಟ್ಟಿಕೊಳ್ಳುತ್ತವೆ. ಇದೇ ಜಿಟ್ಟರ್.

ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿದ್ದಷ್ಟು ಕಾಲ ಇದು ದೊಡ್ಡ ತಲೆನೋವಾಗಿರಲಿಲ್ಲ. ಎಂಬತ್ತರ ದಶಕದ ಕೊನೆಗೆ ತಟ್ಟೆ ಓದುವ ಯಂತ್ರವನ್ನೂ ಅಂಕಿಗಳನ್ನು ದನಿಯಾಗಿಸುವ ಡ್ಯಾಕನ್ನೂ ಬೇರೆ ಮಾಡಿ ಮಾರುವ ಫ್ಯಾಷನ್ ಶುರುವಾಯಿತು. ನಡುವಿನ ಸಂಪರ್ಕ ಸೋನಿ, ಫಿಲಿಪ್ಸ್ ರೂಪಿಸಿದ ಎಸ್‌ಪಿಡಿಫ್. ಅದರಲ್ಲಿ ಅಂಕಿಗೂ ಗಡಿಯಾರಕ್ಕೂ ಒಂದೇ ತಂತಿ. ಡ್ಯಾಕಿನ ಪಾಡು, ಹಾಡು ಕೇಳುತ್ತಲೇ ತಾಳ ಯಾವುದಿರಬಹುದೆಂದು ಊಹಿಸುತ್ತ ತಾಳ ಹಾಕುವವನ ಪಾಡು. ತಂತಿಯ ಬ್ಯಾಂಡ್‌ವಿಡ್ತ್ ಸಾಲದಿದ್ದರೆ ಸಾಗುತ್ತಿರುವ ಅಂಕಿಗಳೇ ಬಡಿತವನ್ನು ಅತ್ತಿತ್ತ ಸರಿಸುತ್ತವೆ. ಅಂದರೆ ಸಂಗೀತವೇ ತನ್ನ ಗಡಿಯಾರವನ್ನು ಕೆಡಿಸುತ್ತದೆ! ಈ ಸಂಪರ್ಕದ ರಚನೆಯಲ್ಲೇ ದೋಷವಿದೆಯೇ ಎಂದು ಕ್ರಿಸ್ ಡನ್ ಮತ್ತು ಮಾಲ್ಕಮ್ ಹಾಕ್ಸ್‌ಫರ್ಡ್ 1992ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಮುಂದೆ ಪ್ರಬಂಧವನ್ನೇ ಇಟ್ಟರು. ಅದೇ ಕಾಲದಲ್ಲಿ ಜೂಲಿಯನ್ ಡನ್ ರೂಪಿಸಿದ ಜೆ-ಟೆಸ್ಟ್ ಸಂಕೇತ ಈ ದೋಷವನ್ನು ಕೆಣಕಿ ಅಳೆಯಲು ಇಂದಿಗೂ ಬಳಕೆಯಲ್ಲಿದೆ.

ಮೊದಲ ಮದ್ದು ಫೇಸ್ ಲಾಕ್ಡ್ ಲೂಪ್. ಬಂದ ಬಡಿತವನ್ನು ನಿಧಾನವಾಗಿ ಹಿಂಬಾಲಿಸಿ ಸಣ್ಣ ಅಲುಗಾಟಗಳನ್ನು ನುಂಗುವ ಸರ್ಕ್ಯೂಟು ಅದು. ಅದನ್ನೇ ತುಂಬಿಕೊಂಡ ಪ್ರತ್ಯೇಕ ಪೆಟ್ಟಿಗೆಗಳೂ ತೊಂಬತ್ತರ ದಶಕದಲ್ಲಿ ಮಾರಾಟವಾದವು. ಸಿ.ಡಿ.ಯ ಅಂಚಿಗೆ ಹಸಿರು ಮಾರ್ಕರ್ ಬಳಿದರೆ ದನಿ ತಿಳಿಯಾಗುತ್ತದೆಂಬ ಹುಚ್ಚೂ ಹೆಚ್ಚುಕಡಿಮೆ ಅದೇ ಕಾಲದ್ದು. ಆಮೇಲೆ ಬಂದದ್ದು, ಬಂದ ಅಂಕಿಗಳಿಂದ ತನ್ನದೇ ಗಡಿಯಾರಕ್ಕೆ ತಕ್ಕ ಹೊಸ ಅಂಕಿಗಳನ್ನು ಲೆಕ್ಕಹಾಕುವ ಅಸಿಂಕ್ರನಸ್ ಸ್ಯಾಂಪಲ್ ರೇಟ್ ಕನ್ವರ್ಟರ್. ಬೆಂಚ್‌ಮಾರ್ಕ್ ಡ್ಯಾಕ್1 ಇದನ್ನು ಜನಪ್ರಿಯಗೊಳಿಸಿತು. ಜಾಣ ಉಪಾಯವೇನೋ ಹೌದು, ಆದರೆ ಅದು ಸೋಸಿಯೂ ಉಳಿದ ಅಲುಗಾಟ ಹೊಸ ಅಂಕಿಗಳೊಳಗೇ ಬೆರೆತುಹೋಗುತ್ತದೆ.

ನಿಜವಾದ ಪರಿಹಾರ ಯಜಮಾನಿಕೆಯ ಅದಲುಬದಲು. ಯುಎಸ್‌ಬಿಯ ಆರಂಭದ ಡ್ಯಾಕ್‌ಗಳು ಕಂಪ್ಯೂಟರು ಕಳಿಸಿದ ವೇಗಕ್ಕೆ ಹೊಂದಿಕೊಳ್ಳುತ್ತಿದ್ದವು. ಅಸಿಂಕ್ರನಸ್ ವಿಧಾನದಲ್ಲಿ ಗಡಿಯಾರ ಡ್ಯಾಕಿನ ಪಕ್ಕದಲ್ಲೇ ಕೂತು, ಇಷ್ಟು ಕಳಿಸು ಎಂದು ಕಂಪ್ಯೂಟರಿಗೇ ಹೇಳುತ್ತದೆ. 1998ರ ಯುಎಸ್‌ಬಿ ಆಡಿಯೊ ನಿಯಮಗಳಲ್ಲೇ ಇದಕ್ಕೆ ಅವಕಾಶವಿತ್ತು. ಹಲವು ವರ್ಷಗಳ ನಂತರವಷ್ಟೇ ವೇವ್‌ಲೆಂಗ್ತ್ ಆಡಿಯೊದ ಗಾರ್ಡನ್ ರ‍್ಯಾಂಕಿನ್‌ರಂಥವರಿಂದ ಅದು ಚಲಾವಣೆಗೆ ಬಂತು. ನೆಟ್‌ವರ್ಕ್ ಪ್ಲೇಯರುಗಳದೂ ಬಫರ್ ತುಂಬಿಸಿಕೊಂಡು ತಮ್ಮದೇ ಬಡಿತಕ್ಕೆ ನುಡಿಸುವ ಕ್ರಮವೇ.

ಇಷ್ಟೆಲ್ಲ ಕಿವಿಗೆ ಕೇಳುತ್ತದೆಯೇ? 16 ಬಿಟ್‌ನ ಕೊನೆಯ ಬಿಟ್ಟಿನ ಅರ್ಧದಷ್ಟೂ ತಪ್ಪಬಾರದೆಂದರೆ, 20 ಕಿಲೋಹರ್ಟ್ಸ್‌ನ ಪೂರ್ಣಮಟ್ಟದ ಸ್ವರಕ್ಕೆ ಸುಮಾರು 121 ಪಿಕೊಸೆಕೆಂಡಿನ ನಿಖರತೆ ಬೇಕೆಂಬುದು ಕಾಗದದ ಲೆಕ್ಕ. ಕಿವಿ ಅಷ್ಟು ಕಟ್ಟುನಿಟ್ಟಲ್ಲ. 1998ರಲ್ಲಿ ಬೆಂಜಮಿನ್ ಮತ್ತು ಗ್ಯಾನನ್ ನಡೆಸಿದ ಪರೀಕ್ಷೆಯಲ್ಲಿ, ಸಂಗೀತದಲ್ಲಿ ಜಿಟ್ಟರ್ ಗೊತ್ತಾಗಲು ಹತ್ತಾರು ನ್ಯಾನೊಸೆಕೆಂಡು ಬೇಕಾಯಿತು. 2005ರ ಜಪಾನಿ ಅಧ್ಯಯನದಲ್ಲಿ ಪಳಗಿದ ಕೇಳುಗರಿಗೂ ನೂರಾರು ನ್ಯಾನೊಸೆಕೆಂಡಿನ ಯಾದೃಚ್ಛಿಕ ಜಿಟ್ಟರ್ ಬೇಕಾಯಿತು. ಇಂದಿನ ಸಾಧಾರಣ ಡ್ಯಾಕ್ ಕೂಡ ಇದಕ್ಕಿಂತ ಎಷ್ಟೋ ಕೆಳಗಿದೆ. ಹಾಗಾಗಿ ಜಿಟ್ಟರ್ ತಗ್ಗಿಸುತ್ತೇವೆನ್ನುವ ದುಬಾರಿ ನೆಟ್‌ವರ್ಕ್ ಸ್ವಿಚ್ಚು, ಕೇಬಲ್ಲುಗಳ ಜಾಹೀರಾತು ಕಂಡಾಗ ನನಗೆ ಹಸಿರು ಮಾರ್ಕರ್ ನೆನಪಾಗುತ್ತದೆ.

ಹಳೆಯ ತಾಪತ್ರಯ ಉಳಿದಿರುವುದು ಟಿ.ವಿ.ಯ ಹಿಂದೆ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಶಬ್ದದ ಗಡಿಯಾರವನ್ನು ಚಿತ್ರದ ಗಡಿಯಾರದಿಂದ ಲೆಕ್ಕಹಾಕಿ ಮರುಕಟ್ಟಬೇಕು. ಟಿ.ವಿ.ಯಿಂದ ಸೌಂಡ್‌ಬಾರಿಗೆ ಶಬ್ದ ಒಯ್ಯುವ ಎಆರ್‌ಸಿ ದಾರಿಯಲ್ಲಂತೂ ಹರಿಯುವುದು ಎಂಬತ್ತರ ದಶಕದ ಆ ಎಸ್‌ಪಿಡಿಫ್ ಸಂಕೇತವೇ.