ಸೂರಿಲ್ಲದವರಿಗೆ ನಗರಗಳಲ್ಲಿ ತಾತ್ಕಾಲಿಕ ಆಶ್ರಯ

ಬಸ್ ನಿಲ್ದಾಣದ ಕಟ್ಟೆ, ಮೇಲ್ಸೇತುವೆಯ ಕೆಳಭಾಗ, ಅಂಗಡಿಯ ಮುಂಗಟ್ಟು, ಗುಡಿಯ ಜಗಲಿ... ಇಂಥ ಕಡೆ ರಾತ್ರಿ ಕಳೆಯುವವರನ್ನು ಜನಗಣತಿಯು ವಸತಿರಹಿತರೆಂದು ಗುರುತಿಸುತ್ತದೆ. 2011ರ ಫೆಬ್ರವರಿ 28ರ ರಾತ್ರಿ ನಡೆದ ಎಣಿಕೆಯ ಪ್ರಕಾರ ದೇಶದಲ್ಲಿ ಇವರ ಸಂಖ್ಯೆ 17.73 ಲಕ್ಷ. ಅವರಲ್ಲಿ 9.38 ಲಕ್ಷ ಮಂದಿ ಇದ್ದದ್ದು ನಗರಗಳಲ್ಲಿ. ಒಂದೇ ರಾತ್ರಿಯಲ್ಲಿ, ಅದೂ ಕತ್ತಲೆಯಲ್ಲಿ ಮುಗಿಸಿದ ಎಣಿಕೆ ಎಷ್ಟು ಪೂರ್ಣವಾದೀತು ಎಂಬುದು ಬೇರೆ ಪ್ರಶ್ನೆ.

ಇವರಿಗೆ ತಂಗುದಾಣ ಒದಗಿಸುವುದು ದಾನಿಗಳ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ, ಸರ್ಕಾರದ ಹೊಣೆ ಎಂಬುದು ಖಚಿತವಾದದ್ದು ಸುಪ್ರೀಂ ಕೋರ್ಟಿನಲ್ಲಿ. 2009ರ ಡಿಸೆಂಬರ್‌ನ ಚಳಿಯಲ್ಲಿ ದೆಹಲಿಯ ಪೂಸಾ ರಸ್ತೆಯ ತಾತ್ಕಾಲಿಕ ತಂಗುದಾಣವೊಂದನ್ನು ಪಾಲಿಕೆ ತೆರವುಗೊಳಿಸಿತ್ತು. 2001ರಲ್ಲಿ ದಾಖಲಾಗಿದ್ದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ನ್ಯಾಯಾಲಯ ನೇಮಿಸಿದ್ದ ಆಯುಕ್ತರು 2010ರ ಜನವರಿಯಲ್ಲಿ ಪತ್ರ ಬರೆದು ಈ ಸಂಗತಿಯನ್ನು ಗಮನಕ್ಕೆ ತಂದರು. ಮೊದಲು ದೆಹಲಿಗೆ, ಬಳಿಕ ಇತರ ರಾಜ್ಯಗಳಿಗೂ ಆದೇಶ ಹೊರಟಿತು. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದು ಕೇಂದ್ರ ಎಂಬ ಅಳತೆ ಹುಟ್ಟಿದ್ದು ಅಲ್ಲಿಂದಲೇ.

2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಇದನ್ನೇ ಯೋಜನೆಯ ರೂಪಕ್ಕೆ ತಂದಿತು. ಪ್ರತಿಯೊಬ್ಬರಿಗೆ ಕನಿಷ್ಠ 50 ಚದರಡಿ ಸ್ಥಳ, ಕುಡಿಯುವ ನೀರು, ಸ್ನಾನಗೃಹ, ಶೌಚಾಲಯ, ಹಾಸಿಗೆ, ಹೊದಿಕೆ, ಅಡುಗೆಗೆ ಜಾಗ ಇರಬೇಕು. ಕೇಂದ್ರವು ವರ್ಷವಿಡೀ ದಿನದ 24 ಗಂಟೆಯೂ ತೆರೆದಿರಬೇಕು ಎಂದು ಮಾರ್ಗಸೂಚಿ ವಿಧಿಸಿತು. ರೈಲು ನಿಲ್ದಾಣ, ಬಸ್ ನಿಲ್ದಾಣ, ಸಗಟು ಮಾರುಕಟ್ಟೆಗಳ ಸಮೀಪವೇ ಕೇಂದ್ರ ಇರಬೇಕೆಂದದ್ದು ಸಕಾರಣವೇ. ಮುಂಜಾನೆ ಮೂಟೆ ಹೊರುವ ಹಮಾಲನಿಗೆ ಊರಾಚೆಯ ಕಟ್ಟಡ ಎಷ್ಟೇ ಚೆನ್ನಾಗಿದ್ದರೂ ನಿರುಪಯುಕ್ತ. ಈ ಅಭಿಯಾನದ ಅವಧಿ 2024ರ ಸೆಪ್ಟೆಂಬರ್‌ನಲ್ಲಿ ಕೊನೆಗೊಂಡಿತು.

ಗುರುತಿನ ಚೀಟಿಯದು ಇನ್ನೊಂದು ತೊಡಕು. ವಿಳಾಸವಿಲ್ಲದವರಿಗೆ ಚೀಟಿ ಸಿಗುವುದು ಕಷ್ಟ. ಚೀಟಿ ಕೇಳಿದರೆ ಆಶ್ರಯ ಸಿಗುವುದು ಕಷ್ಟ. ಮನೆಯೇ ಇಲ್ಲದವರು ಆಧಾರ್ ಪಡೆಯುವುದು ಹೇಗೆಂದು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಉತ್ತರಪ್ರದೇಶ ಸರ್ಕಾರವನ್ನು ಪ್ರಶ್ನಿಸಿತ್ತು. ವಾಸ್ತವವಾಗಿ, ಆಶ್ರಯ ಪಡೆದವರಿಗೆ ಮತದಾರರ ಚೀಟಿ, ಪಡಿತರ ಚೀಟಿ, ಬ್ಯಾಂಕ್ ಖಾತೆ ದೊರಕಿಸಿಕೊಡುವುದೂ ಕೇಂದ್ರದ ಕೆಲಸವೆಂದು ಯೋಜನೆ ಹೇಳಿತ್ತು.

ಕರ್ನಾಟಕದಲ್ಲಿ ಈ ಆಶ್ರಯ ಕೇಂದ್ರಗಳನ್ನು ನಿರಾಶ್ರಿತರ ಪರಿಹಾರ ಕೇಂದ್ರಗಳೊಂದಿಗೆ ಬೆರೆಸುವವರುಂಟು. ಎರಡೂ ಒಂದಲ್ಲ. ಎರಡನೆಯವು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಡೆಯುವಂಥವು. ಆಸ್ತಿ ತೆರಿಗೆಯೊಂದಿಗೆ ನಾಗರಿಕರು ತೆರುವ ಭಿಕ್ಷುಕರ ಉಪಕರ ಇವುಗಳಿಗೇ ಸಲ್ಲುತ್ತದೆ. ಭಿಕ್ಷೆ ಬೇಡುವಾಗ ಸಿಕ್ಕವರನ್ನು ಅಲ್ಲಿಗೆ ಒಯ್ದು ಇರಿಸಲಾಗುತ್ತದೆ. ಆಶ್ರಯ ಕೇಂದ್ರಕ್ಕಾದರೋ ವ್ಯಕ್ತಿ ತಾನಾಗಿ ಬರುತ್ತಾನೆ, ತಾನಾಗಿ ಹೋಗುತ್ತಾನೆ.

ಮನೆ ಬಿಟ್ಟು ಬಂದ ಮಹಿಳೆಗೆ ಜಿಲ್ಲಾ ಕೇಂದ್ರದ 'ಸಖಿ' ಘಟಕದಲ್ಲಿ ಸಾಮಾನ್ಯವಾಗಿ ಐದು ದಿನ ತಂಗಲು ಅವಕಾಶವಿದೆ. ಹೆಚ್ಚು ಕಾಲದ ವಾಸ್ತವ್ಯಕ್ಕೆ ಹಿಂದೆ ಸ್ವಾಧಾರ ಗೃಹಗಳೆನಿಸಿದ್ದ, ಈಗ ಶಕ್ತಿ ಸದನಗಳೆನಿಸಿರುವ ಕೇಂದ್ರಗಳಿವೆ. ಮಹಿಳೆಯರಿಗೆ 181, ಮಕ್ಕಳಿಗೆ 1098, ಹಿರಿಯ ನಾಗರಿಕರಿಗೆ 14567 ಸಹಾಯವಾಣಿಗಳು. ಬೀದಿಯಲ್ಲಿ ಮಲಗಿದವರನ್ನು ಕಂಡ ದಾರಿಹೋಕರೂ ಈ ಸಂಖ್ಯೆಗಳಿಗೆ ಕರೆ ಮಾಡಬಹುದು.